ಏರಿ ಮೇಲಿನ ಗಂಟೆ

ಹರಿಗೋಲು ಬೋರಲಾಗಿ ತೇಲುತ್ತಿತ್ತು.

ಸಿದ್ದಲಕ್ಷ್ಮಮ್ಮ ಸೊಂಟದ ಮಟ್ಟದ ನೀರಿಗಿಳಿದು ಅದನ್ನು ದಡಕ್ಕೆಳೆದಳು. ತನ್ನ ಗಂಡ, ಅಂಬಿಗ ಸಿದ್ದಪ್ಪನದೇ. ಅಂಚಿನ ಕೆಂಪು ದಾರ ಅವಳೇ ಕಟ್ಟಿದ್ದು. ನೆನ್ನೆ ಸಂಜೆ ಮನೆ ಬಿಟ್ಟ ಸಿದ್ದಪ್ಪ ಇನ್ನೂ ಬಂದಿರಲಿಲ್ಲ.

ಆಗಲೇ ನೀರಿನ ಮೇಲಿನ ಮಬ್ಬಿನೊಳಗಿಂದ ಸದ್ದು ಬಂತು. ಟಣ್… ಟಣ್…

ದಡದಲ್ಲಿ ಸೇರಿದ್ದ ಊರವರು ಒಂದು ಹೆಜ್ಜೆ ಹಿಂದೆ ಸರಿದರು. ನಾಲ್ಕು ವರ್ಷದ ಹಿಂದೆ ಮೇಟೂರಿನ ಅಣೆಕಟ್ಟು ಎದ್ದಾಗ ಅವರ ಹಳೆಯ ಊರು ಆ ನೀರಿನಡಿಗೆ ಹೋಗಿತ್ತು. ಮಾರಿಯಮ್ಮನ ಗುಡಿಯೂ ಹೋಗಿತ್ತು. ಗಂಟೆ ಮಾತ್ರ ಹೋಗಿರಲಿಲ್ಲ. ಅದನ್ನು ಬಿಚ್ಚಿ ತಂದು ಹೊಸ ಊರಲ್ಲಿ ಕಟ್ಟಿದ್ದರು. ಹಾಗಾದರೆ ಈಗ ಬಾರಿಸುತ್ತಿರುವುದು ಯಾರು?

"ಅಮ್ಮ ಬಲಿ ತಕ್ಕಂಡವ್ಳೆ!" ಎಂದು ಕೈಮುಗಿದ ಇನ್ನೊಬ್ಬ ಅಂಬಿಗ ಮುತ್ತುಸ್ವಾಮಿ. "ಇವತ್ತು ಯಾರೂ ನೀರಿಗಿಳೀಬ್ಯಾಡ್ರಪ್ಪಾ."

ಯಾರೂ ಇಳಿಯಲಿಲ್ಲ. ಪಕ್ಕದ ಮನೆಯ ಮುತ್ತಮ್ಮ ರಾಗ ತೆಗೆದೇಬಿಟ್ಟಳು.

"ಬಾಯ್ ಮುಚ್ಚು ಮುತ್ತಕ್ಕಾ! ಹೆಣ ಕಂಡ್ಯಾ ನೀನು?" ಸಿದ್ದಲಕ್ಷ್ಮಮ್ಮ ಸಿಡಿದಳು.

ಗಲಾಟೆ ಕೇಳಿ ದಡದ ಮೇಲಿನ ಪ್ರವಾಸಿ ಬಂಗಲೆಯಿಂದ ಸುಬ್ಬರಾಯನ್ ಇಳಿದುಬಂದರು. ಸೇಲಂನ ಕನ್ನಡ ಮಾತಾಡುವ ನೇಕಾರರ ಮನೆಯವರು, ಪೊಲೀಸು ಕೆಲಸದಿಂದ ನಿವೃತ್ತರಾದವರು, ಗಾಳದ ಹುಚ್ಚಿನವರು. ಇವತ್ತು ಬರಲಿದ್ದ ನಾಲ್ವರು ಗೆಳೆಯರೊಡನೆ ಮೀನಿಗೆ ಹೋಗಲು ಸಿದ್ದಪ್ಪನನ್ನು ಗೊತ್ತುಮಾಡಿದ್ದರು. ನೆನ್ನೆ ಮಧ್ಯಾಹ್ನವೆಲ್ಲ ಅವರೂ ಸಿದ್ದಪ್ಪನೂ ಬಂಗಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನೀರು, ಗುಡ್ಡ ಬರೆದು, ಎಲ್ಲಿ ನಿಲ್ಲಬೇಕು, ಯಾವ ಮೀನಿಗೆ ಯಾವ ಹಿಟ್ಟಿನ ಉಂಡೆಯ ಆಮಿಷ ಎಂದು ಮಕ್ಕಳಂತೆ ಜಗಳವಾಡಿದ್ದರು.

ಈಗ ಅವರು ಹರಿಗೋಲಿನ ತಳಕ್ಕೆ ಹೊದಿಸಿದ ತೊಗಲನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ತಿರುಗಿದರು.

"ಮುತ್ತುಸ್ವಾಮಿ, ನೆನ್ನೆ ನೀನು ನೀರಿಗಿಳಿದಿದ್ಯಾ?"

"ಇಲ್ಲ ಸಾರ್. ಕಾಯ್ಚಲು, ಜ್ವರ. ಎಂಟ್ ದಿನದಿಂದ ನನ್ ಪರಿಸಲು ಬೇವಿನ ಮರಕ್ಕೇ ಒರಗೈತೆ." ಅವನು ಮರಕ್ಕೊರಗಿದ್ದ ತನ್ನ ಹರಿಗೋಲನ್ನು ತೋರಿಸಿದ.

"ಅಮ್ಮಾ, ನಿನಗೇನು ಹೇಳಿ ಹೋದ?"

"ಬಂಗ್ಲೆಗೆ ಓಗ್ತೀನಿ ಅಂದ, ಸ್ವಾಮಿ."

"ನನ್ನ ಹತ್ರ ಬೇರೆ ಹೇಳಿದ. 'ಏರಿ ಮೇಲೆ ಉಂಡೆ ಹಾಕ್ ಬತ್ತೀನಿ, ನಾಳಿಕ್ಕೆ ಮೀನು ಅಲ್ಲೇ ನಿಂತಿರ್ತವೆ' ಅಂದ. ಸರಿ ಅಂದೆ."

ಸಿದ್ದಲಕ್ಷ್ಮಮ್ಮ ಬೆಚ್ಚಿದಳು. "ಏರಿ ಮೇಲೆ ಅಂದ್ನಾ?"

"ಹೂಂ. ಈ ಏರಿ ತಾನೆ?" ಸುಬ್ಬರಾಯನ್ ಎದುರಿನ ನೀರಿಗೆ ಕೈತೋರಿದರು.

"ಅಯ್ಯೋ, ಅದು ತಮಿಳಿನ ಏರಿ ಸ್ವಾಮಿ, ಕೆರೆ ಅಂತ! ನಮ್ಗೆ ಏರಿ ಅಂದ್ರೆ ಕಟ್ಟೆ. ಹಳೇ ಊರಿನ ಕೆರೆ ಏರಿ! ಬ್ಯಾಸ್ಗೇಲಿ ನೀರಿಳಿದ್ರೆ ಗುಡ್ಡದಾಚೆ ಎದ್ದು ಕಾಣ್ತೈತೆ. ನೀರು ಯಾವಾಗ್ ಮುಚ್ತೈತೋ ಗೊತ್ತಾಗಲ್ಲ, ಅಲ್ಲಿಗೆ ಓಗಲ್ಲ ಅಂತ ನನ್ ತಲೆ ಮೇಲೆ ಆಣೆ ಇಟ್ಟಿದ್ದ."

ಅವಳು ದಡ ನೋಡಿದಳು. ನೆನ್ನೆ ಬಟ್ಟೆ ಒಗೆದ ಕಲ್ಲು ಕಾಣಲಿಲ್ಲ. ಮೈಸೂರು ಸೀಮೆಯ ಮಳೆನೀರು ಹೊಳೆಯಲ್ಲಿ ಬಂದು ಅದನ್ನು ಮುಳುಗಿಸಿತ್ತು. ಏರಿ ಇನ್ನೆಷ್ಟು ಹೊತ್ತು ಮೇಲಿದ್ದೀತು?

"ಮುತ್ತುಸ್ವಾಮಿ, ನಿನ್ನ ಪರಿಸಲು ಇಳ್ಸು."

"ಸಾರ್, ಕಾಯ್ಚಲು… ಅಮ್ಮ ಬೇರೆ—"

"ಇಳ್ಸು!" ಅದು ಹಳೆಯ ಪೊಲೀಸು ದನಿ.

ಮೂವರು ಹೊರಟರು. ದಡ ಮಬ್ಬಿನಲ್ಲಿ ಮರೆಯಾಯಿತು. ಕೆಳಗೆ ಊರಿತ್ತು. ಈಗ ಗೌಡರ ಕಣ, ಈಗ ತನ್ನ ತವರಿನ ಹಿತ್ತಿಲು ಎಂದು ಸಿದ್ದಲಕ್ಷ್ಮಮ್ಮನಿಗೆ ನೋಡದೆಯೇ ಗೊತ್ತಾಗುತ್ತಿತ್ತು. ಟಣ್… ಟಣ್… ಸದ್ದು ನಿಧಾನವಾಗುತ್ತಿತ್ತು.

"ತಾಯಿ, ಕಾಲ ಕೆಳಗಿನ ತೊಗಲು ಮುಟ್ಟಿ ನೋಡು," ಎಂದರು ಸುಬ್ಬರಾಯನ್.

"ಮೆತ್ತಗೈತೆ."

"ಎಂಟು ದಿನ ಒಣಗಿದ್ದು ಇಷ್ಟು ಬೇಗ ಮೆತ್ತಗಾಗತ್ತಾ?"

"ಎಲ್ಲಾತು ಸ್ವಾಮಿ? ಅರ್ಧ ದಿನ ನೆನೀಬೇಕು."

"ರಾತ್ರಿಯೆಲ್ಲ ತೇಲಿತ್ತು ಅಂದ್ಕೊಂಡ್ರಲ್ಲ, ನಿನ್ನ ಗಂಡಂದು? ಅದು ಮೊರದ ಹಾಗೆ ಗಟ್ಟಿಯಿತ್ತು. ಬೋರಲಾಗಿದ್ದನ್ನ ಎಲ್ಲರೂ ನೋಡಿದ್ರಿ, ತೊಗಲು ಯಾರೂ ಮುಟ್ಲಿಲ್ಲ. ಅವನು ಅದ್ರಲ್ಲಿ ಹೋಗ್ಲೇ ಇಲ್ಲ. ತನ್ನದನ್ನ ತಗೊಂಡ್ರೆ ಏರಿಗೆ ಹೋದದ್ದು ನಿನಗೆ ಗೊತ್ತಾಗತ್ತೆ ಅಂತ ಇನ್ನೊಬ್ಬಂದ್ರಲ್ಲಿ ಹೋದ. ಆ ಇನ್ನೊಬ್ಬ ಅವನನ್ನ ಏರಿ ಮೇಲೆ ಇಳಿಸಿ ಬಿಟ್ಟು ಬಂದ. ಬೆಳಗಾಗ್ತಾ ನಿನ್ನ ಗಂಡನ ಹರಿಗೋಲನ್ನ ಬೋರಲು ಹಾಕಿ ನೀರಿಗೆ ತಳ್ಳಿದ. ಮಿಕ್ಕಿದ್ದನ್ನ ನೀರು ನೋಡ್ಕೊಳ್ಳಿ ಅಂತ. ಸದ್ದು ಕೇಳಿದ ಕೂಡ್ಲೇ ಮಾರಿಯಮ್ಮನ ಹೆಸರೆತ್ತಿ ಎಲ್ಲರನ್ನ ಹೆದರಿಸಿದ್ದೂ ಅವನೇ — ಅದು ಏನು ಅಂತ ಅವನೊಬ್ಬನಿಗೇ ಗೊತ್ತಿತ್ತು. ಅಲ್ವೇನೋ ಮುತ್ತುಸ್ವಾಮಿ?"

ಹುಟ್ಟು ನಿಂತಿತು. ಹರಿಗೋಲು ಇದ್ದಲ್ಲೇ ಸುತ್ತತೊಡಗಿತು.

"ಇಷ್ಟ್ ವರ್ಷ ದೊರೆಗಳ್ನ ಮೀನಿಗೆ ಕರ್ಕಂಡೋದೋನು ನಾನು," ಎಂದ ಮುತ್ತುಸ್ವಾಮಿ, ತಲೆ ಎತ್ತದೆ. "ನೀವ್ ಬಂದು ಅವ್ನೇ ಬೇಕು ಅಂದ್ರಿ."

ಸಿದ್ದಲಕ್ಷ್ಮಮ್ಮ ಅವನ ಕೈಯಿಂದ ಹುಟ್ಟು ಕಿತ್ತುಕೊಂಡು ತಾನೇ ಹಾಕಿದಳು.

ಏರಿ ಆಗಲೇ ಮುಳುಗಿತ್ತು. ಅದರ ತುದಿಯ ಹಳೆಯ ಮಂಟಪದ ಕಲ್ಲಿನ ಮೇಲೆ, ಎದೆಮಟ್ಟದ ನೀರಿನಲ್ಲಿ, ಸಿದ್ದಪ್ಪ ಕಣ್ಣುಮುಚ್ಚಿ ನಿಂತಿದ್ದ. ಉಂಡೆ ತಂದಿದ್ದ ಹಿತ್ತಾಳೆ ಚೊಂಬನ್ನು ತಲೆಯ ಮೇಲೆತ್ತಿ ಒಂದು ಸಣ್ಣ ಕಲ್ಲಿನಿಂದ ಬಡಿಯುತ್ತಿದ್ದ.

"ಲಕ್ಷ್ಮೀ… ಆಣೆ ಮುರ್ದೆ ಕಣೇ."

"ಅದ್ಕೆ ಮನೇಲೈತೆ ನಿಂಗೆ. ಮೊದ್ಲು ಕೈ ಕೊಡು."

ಹತ್ತಿ ಕೂತ ಮೇಲೂ ಅವನ ಕೈ ಚೊಂಬನ್ನು ಬಡಿಯುತ್ತಲೇ ಇತ್ತು, ಅವಳು ಆ ಕಲ್ಲನ್ನು ಕಸಿದು ನೀರಿಗೆಸೆಯುವವರೆಗೂ.