ಬೈಗುಳಕ್ಕೆ ತೆರೆದ ಬಾಗಿಲು

“ತಮ್ಮ ವಿನಂತಿಯನ್ನು ಸ್ಪಷ್ಟವಾಗಿ ನುಡಿಯಿರಿ,” ಎಂದು ಆಸ್ಪತ್ರೆಯ ಬಾಗಿಲ ಬಳಿಯ ಶೋಧಯಂತ್ರ ಮತ್ತೊಮ್ಮೆ ಮಧುರವಾಗಿ ಹೇಳಿತು.

ಬಾಳವ್ವನಿಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಗದಗಿನ ದಾರಿಯಲ್ಲಿ ತೂಗುರೈಲು ಮೇಲಿನ ಕಂಬಿಯಿಂದ ಕಳಚಿ ಬಿದ್ದಿತ್ತು. ಅದರಲ್ಲಿದ್ದ ಅವಳ ತಮ್ಮ ಸಂಗಪ್ಪ ಇದೇ ಆಸ್ಪತ್ರೆಯ ಯಾವುದೋ ಮಹಡಿಯಲ್ಲಿದ್ದ. ಮಂಚದ ಸಂಖ್ಯೆ ಹೇಳದೆ ಒಳಗೆ ಬಿಡುವವರಿಲ್ಲ, ಅವಳಂತೆ ತಮ್ಮವರಿಗಾಗಿ ಕಾದಿದ್ದ ಹತ್ತಾರು ಜನರೂ ಏನಿದ್ದರೂ ಯಂತ್ರವನ್ನೇ ಕೇಳಬೇಕು. ಹೆಸರು ಹೇಳಿದಳು, ಆ ಹೆಸರಿನ ರೋಗಿ ಇಲ್ಲವೆಂದಿತು. “ಎಡಗಣ್ಣ ಮ್ಯಾಲ ಸುಟ್ಟ ಕಲೆ ಐತಿ,” ಎಂದಳು, ಅನಗತ್ಯ ವಿವರವೆಂದಿತು.

ಅದನ್ನು ನಿರ್ಮಿಸಿದ ವಿಜ್ಞಾನಿ ನಿರಂಜನ ಸೋಂದೆ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಜನರಿಗೆ ಸರಿಯಾಗಿ ಪ್ರಶ್ನೆ ಕೇಳಲು ಬರುವುದಿಲ್ಲವೆಂಬುದು ಅವರ ದೃಢವಾದ ನಂಬಿಕೆ.

“ನೋಡಿ ತಾಯಿ, ಇದರಲ್ಲಿ ಮೂರು ಭಾಗಗಳಿವೆ. ರೋಗಿಗಳ ವಿವರವೆಲ್ಲ ಮಾಹಿತಿಕೋಶದಲ್ಲಿದೆ. ಉತ್ತರ ತೋರಿಸುವುದು ದರ್ಶಕ, ಅಂದರೆ ಈ ಪರದೆಗಳು. ಇವೆರಡರ ನಡುವೆ ನಿಯಂತ್ರಕ. ನೀವು ಆಡಿದ್ದರಲ್ಲಿ ಕಸವನ್ನೆಲ್ಲ ತೆಗೆದು, ಶುದ್ಧವಾದದ್ದನ್ನಷ್ಟೇ ಅದು ಕೋಶಕ್ಕೆ ಕಳಿಸುತ್ತದೆ.”

“ಅಂದ್ರ ನಡುವ ಒಬ್ಬ ದಲ್ಲಾಳಿ ಅದಾನ ಅನ್ರಿ. ನನ್ನ ತಮ್ಮಗ ಎಚ್ಚರ ತಪ್ಪೇತಂತ. ಅಂವ ನಿಮಗ ಹೆಸರ ಹೆಂಗ ಹೇಳ್ಯಾನು?”

“ಅಂಥವರನ್ನು ಅನಾಮಿಕ ಎಂದು ನಮೂದಿಸಿದೆ. ಹೆಸರಿನಿಂದ ಸಿಗುವುದಿಲ್ಲ.”

“ಮತ್ತ ಹೆಸರ ಯಾಕ ಕೇಳ್ತೈತ್ರಿ ಇದು?”

ಯಂತ್ರವೇ ಮತ್ತೆ ಸ್ಪಷ್ಟವಾಗಿ ನುಡಿಯಲು ಹೇಳಿತು. ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದಕ್ಕೆ ಬೈದಳು. ಉಸಿರು ಕಟ್ಟುವವರೆಗೆ ಬೈದಳು. ಅದರಲ್ಲಿ ಒಂದು ಮಾತೂ ಅಚ್ಚು ಹಾಕಿಸುವಂಥದ್ದಲ್ಲ.

ನಿಯಂತ್ರಕ ನಿಷ್ಠೆಯಿಂದ ಒಂದೊಂದೇ ಬೈಗುಳವನ್ನು ತೆಗೆಯುತ್ತ ಹೋಯಿತು. ಕೊನೆಗೆ ಏನೂ ಉಳಿಯಲಿಲ್ಲ. ಆ ಖಾಲಿ ವಿನಂತಿಯನ್ನೇ ಕೋಶಕ್ಕೆ ದಾಟಿಸಿತು. ಇಂಥವರೇ ಬೇಕೆಂಬ ಷರತ್ತು ಇಲ್ಲದ್ದರಿಂದ ಕೋಶ ಎಲ್ಲರನ್ನೂ ಕೊಟ್ಟುಬಿಟ್ಟಿತು. ಪರದೆಗಳ ತುಂಬ ಮುಖಗಳು, ಕೆಳಗೆ ಮಹಡಿ, ಮಂಚದ ಸಂಖ್ಯೆ.

“ಅಯ್ಯ ನನ್ನಪ್ಪ, ಅಲ್ಲಿ ಅದಾನ ನೋಡ್ರಿ!” ಬಾಳವ್ವ ಕೂಗಿದಳು.

ಕಾದಿದ್ದ ಜನ ಪರದೆಗಳತ್ತ ನುಗ್ಗಿದರು. ಸೋಂದೆಯವರು “ದೋಷ! ದೋಷ!” ಎನ್ನುತ್ತ ಓಡಿ ಯಂತ್ರವನ್ನು ಆರಿಸಿದರು. ತಮ್ಮವರನ್ನು ಇನ್ನೂ ಕಾಣದವರು ಅವರನ್ನು ಮುತ್ತಿಕೊಂಡರು. ಗಲಾಟೆ ಕೇಳಿ ಬಂದ ಮುಖ್ಯ ವೈದ್ಯೆ, ಎಲ್ಲರ ಮುಖಗಳನ್ನೂ ಕೂಡಲೇ ತೋರಿಸಿರೆಂದು ಗದರಿಸಿದರು.

“ಆಗುವುದಿಲ್ಲ ಮೇಡಂ. ನಿಯಂತ್ರಕವನ್ನು ಬಿಟ್ಟು ಕೋಶಕ್ಕೆ ಬೇರೆ ದಾರಿಯನ್ನು ನಾನು ಇಟ್ಟೇ ಇಲ್ಲ.”

ಬಾಳವ್ವ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಸೋಂದೆಯವರು ಹಿಂದೆಯೇ ಓಡಿಬಂದು, ದನಿ ತಗ್ಗಿಸಿ, “ತಾಯಿ, ಆಗ ಏನೆಂದು ಬೈದಿರಿ?” ಎಂದರು.

“ನೀವು ಮಾಡಿದ್ದು, ನೀವಽ ಬೈರಿ. ನಾ ತಮ್ಮನ ಕಡೆ ಹೊಂಟೀನಿ.”

ಅವರು ಮರಳಿ ಹೋಗಿ ಯಂತ್ರವನ್ನು ಮತ್ತೆ ಚಾಲು ಮಾಡಿ, ಗಂಟಲು ಸರಿಪಡಿಸಿಕೊಂಡು, “ಎಲೈ ಮೂರ್ಖ ಯಂತ್ರವೇ!” ಎಂದರು.

“ಯಂತ್ರ ಎಂಬ ಹೆಸರಿನ ರೋಗಿ ಇಲ್ಲ,” ಎಂದಿತು ಅದು.

“ಥೂ, ಬೈಯಾಕೂ ಬರಂಗಿಲ್ಲ ಇವ್ರಿಗೆ!” ಬಾಳವ್ವ ಮೆಟ್ಟಿಲ ಮೇಲಿಂದ ಹೇಳಿದಳು. ಅಳುತ್ತಿದ್ದವರೂ ನಕ್ಕರು.

ಆ ನಗು ಸೋಂದೆಯವರಿಗೆ ಎಲ್ಲಿ ತಾಗಿತೋ. ಕುತ್ತಿಗೆಯ ನರ ಉಬ್ಬಿತು. ಯಾವುದೋ ಓಣಿಯಲ್ಲಿ ಕಲಿತು ಎಂದೋ ನುಂಗಿಕೊಂಡಿದ್ದ ಮಾತುಗಳು ಒಂದರ ಮೇಲೊಂದು ಹೊರಬಿದ್ದವು. ಪರದೆಗಳು ಬೆಳಗಿದವು. ಅವರು ಮಾತ್ರ ಇನ್ನೂ ಬೈಯುತ್ತಲೇ ಇದ್ದರು. ಯಾರೂ ಅವರತ್ತ ನೋಡಲಿಲ್ಲ. ಎಲ್ಲರೂ ತಂತಮ್ಮವರ ಮುಖ ಹುಡುಕುತ್ತಿದ್ದರು.