ಅಂಗಡಿಯಿಲ್ಲದ ಬೋರ್ಡು

ಬೆರಿಲ್ ಟ್ರೆಂಬಾತ್ ತನಗೊಂದು ಪಾಸ್ಟಿಯನ್ನು ಪುಕ್ಕಟೆಯಾಗಿ ಕೊಟ್ಟ ಗಳಿಗೆಯಲ್ಲೇ ಅವಳ ಅಂಗಡಿ ಸುಟ್ಟುಹೋಗಬೇಕೆಂದು ಡೆನ್ಜಿಲ್ ಪೆನ್‌ರೋಸ್ ತೀರ್ಮಾನಿಸಿಬಿಟ್ಟ. ಅವಳ ಎದುರು ತಕರಾರಿನಲ್ಲಿ ಸೋತದ್ದನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ವ್ಯಾಪಾರ ಅಂದಮೇಲೆ ಒಂದೊಂದು ಸಲ ಸೋಲೂ ಬರುತ್ತದೆ. ಆ ಮಾಂಸದ ಕಡುಬನ್ನು ನುಂಗುವುದು ಮಾತ್ರ ಅವನಿಂದ ಆಗಲಿಲ್ಲ.

ಡೆನ್ಜಿಲ್‌ನ ಕಸುಬು ಹೆಸರು ಹಿಡಿಯುವುದು. ಇಂಟರ್ನೆಟ್ಟಿನಲ್ಲಿ ಯಾರ ವೆಬ್‌ಸೈಟಿಗೆ ಯಾವ ಹೆಸರು ಬೇಕಾದೀತೆಂದು ಅವರಿಗಿಂತ ಮೊದಲೇ ಊಹಿಸಿ, ಚಿಲ್ಲರೆ ಕಾಸಿಗೆ ಅದನ್ನು ತನ್ನದು ಮಾಡಿಕೊಂಡು, ಅವರು ಬಂದು ಬಾಗಿಲು ತಟ್ಟುವವರೆಗೆ ಸುಮ್ಮನೆ ಕೂರುವುದು. ಅಡಿಲೇಡಿನ ಹೊರವಲಯದಲ್ಲಿ ಹೊಸ ಬಡಾವಣೆ ಬರುತ್ತದೆಂದು ಪೇಪರಿನಲ್ಲಿ ಬಂದರೆ, ಅಲ್ಲಿ ಗೂಟ ಹೊಡೆಯುವ ಮೊದಲೇ ಆ ಬಡಾವಣೆಯ ಹಲ್ಲಿನ ಡಾಕ್ಟರು, ನಲ್ಲಿ ರಿಪೇರಿಯವನು, ಹೆಣ ಹೂಳುವವನು, ಎಲ್ಲರ ಹೆಸರೂ ಇವನ ಜೇಬಿನಲ್ಲಿ ಇರುತ್ತಿದ್ದವು. ಇಪ್ಪತ್ತು ವರ್ಷ ಹೀಗೇ ಬದುಕಿ ಪೋರ್ಟ್ ಹ್ಯಾಲಮ್ಮಿನಲ್ಲಿ ಸಮುದ್ರ ಕಾಣುವಂಥ ಮನೆ ಕಟ್ಟಿಸಿದ್ದ. ಊರಿನ ಮಿಕ್ಕ ಜನ ಬಾರ್ಲಿ ಬೆಳೆಯುತ್ತಿದ್ದರು, ಏಡಿ ಹಿಡಿಯುತ್ತಿದ್ದರು, ಕುರಿಯ ಉಣ್ಣೆ ಕತ್ತರಿಸುತ್ತಿದ್ದರು. ಬೆನ್ನು ಬಗ್ಗಿಸಿ ದುಡಿಯುವುದು ತಲೆಯಿಲ್ಲದವರಿಗೆ ದೇವರು ಕೊಟ್ಟ ಶಿಕ್ಷೆ ಎಂಬುದು ಅವನ ಗಟ್ಟಿ ನಂಬಿಕೆ. ತಾನೊಬ್ಬ ಪರಾವಲಂಬಿ ಹುಳವಿರಬಹುದೆಂಬ ಅನುಮಾನ ಅವನಿಗೆ ಕನಸಿನಲ್ಲೂ ಬಂದದ್ದಿಲ್ಲ. ಹುಳಕ್ಕೆ ಅಂಥ ಅನುಮಾನ ಬರುವುದೂ ಇಲ್ಲ.

ಬೆರಿಲ್‌ಳ ಪಾಸ್ಟಿ ಅಂಗಡಿ ದೋಣಿ ನಿಲ್ಲುವ ಜೆಟ್ಟಿಯ ಎದುರಿಗೇ ಇತ್ತು. ಅಂಗಡಿಗೊಂದು ವೆಬ್‌ಸೈಟು ಮಾಡಿಸಿ ನೋಡಿಕೊಳ್ಳುತ್ತಿದ್ದವನು ಅವಳ ಗಂಡ. ಅವನು ತೀರಿಕೊಂಡ. ಬೇರೆಯವರು ಕ್ರಿಕೆಟ್ ಸ್ಕೋರು ನೋಡುವ ಹಾಗೆ ಡೆನ್ಜಿಲ್ ಪೇಪರಿನಲ್ಲಿ ಸತ್ತವರ ಪಟ್ಟಿ ನೋಡುತ್ತಿದ್ದ. ಸತ್ತವರು ಯಾರೂ ತಮ್ಮ ಹೆಸರನ್ನು ನವೀಕರಿಸುವುದಿಲ್ಲ ಎಂಬುದು ಅವನ ವ್ಯಾಪಾರದ ಮೊದಲ ಪಾಠ. ಬೆರಿಲ್‌ಳ ಅಂಗಡಿಯ ಹೆಸರಿನ ಅವಧಿ ಮುಗಿದು ಅದು ಬೀದಿಗೆ ಬಿದ್ದ ಕೂಡಲೇ ಎತ್ತಿಕೊಂಡು, ಅವಳಿಗೇ ಮಾರಲು ಹೊರಟ. ಮುದುಕಿ ಗಾಬರಿಬಿದ್ದು ಕೇಳಿದಷ್ಟು ಕೊಡುತ್ತಾಳೆಂದು ಎಣಿಸಿದ್ದ. ಮುದುಕಿ ತಕರಾರು ಹಾಕಿದಳು. ಡಾಟ್ ಎಯು ಎಂದು ಮುಗಿಯುವ ಆಸ್ಟ್ರೇಲಿಯಾದ ಹೆಸರು ಇಟ್ಟುಕೊಳ್ಳುವವನಿಗೆ ಆ ಹೆಸರಿನ ಜೊತೆ ಏನಾದರೂ ಸಂಬಂಧ ಇರಬೇಕು. ಬೆರಿಲ್‌ಳ ಪಾಸ್ಟಿಗೂ ನಿನಗೂ ಏನು ಸಂಬಂಧ ಎಂದು ಪಂಚರು ಇವನನ್ನು ಕೇಳಿದರು. ಹೆಸರು ಅವಳಿಗೆ ವಾಪಸು ಹೋಯಿತು.

ಅದಾದ ಶುಕ್ರವಾರ ಸಂಜೆ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಂದಿನಂತೆ ಮಾಂಸದ ಲಾಟರಿ, ಗೆದ್ದವರಿಗೆ ಮಾಂಸವೇ ಬಹುಮಾನ. ಊರಿಗೆ ಊರೇ ಬಿಯರ್ ಹಿಡಿದು ನಿಂತಿತ್ತು. ಬೆರಿಲ್ ತಟ್ಟೆಯೊಂದನ್ನು ಹಿಡಿದು ನೇರವಾಗಿ ಡೆನ್ಜಿಲ್‌ನ ಹತ್ತಿರ ಬಂದಳು. ಅವನು ಜಗಳಕ್ಕೆ ಸಿದ್ಧನಾಗಿದ್ದ.

"ತಗೊಳ್ಳಪ್ಪ, ಬಿಸಿ ಇದೆ, ತಿನ್ನು," ಅಂದಳು. "ದುಡ್ಡು ಬೇಡ. ಪಾಪ, ನಿನಗೆ ಅಂತ ಒಂದು ಅಂಗಡಿನೂ ಇಲ್ಲ. ಇರೋದು ಬರೀ ಬೋರ್ಡು."

ಕ್ಲಬ್ಬಿನ ಅಧ್ಯಕ್ಷ ಮರ್ವ್ ಹಾಕಿಂಗ್ ಮೊದಲು ನಕ್ಕ. ಬಾರ್ಲಿ ಬೆಳೆಯುವ ಆಸಾಮಿ, ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೂ ಅವನೇ ಮುಖ್ಯಸ್ಥ. ನಕ್ಕರೆ ಹೊಟ್ಟೆ ಕುಣಿಯುತ್ತಿತ್ತು.

"ಬೋರ್ಡ್ ಡೆನ್ಜಿಲ್!" ಅಂದ ಮರ್ವ್. "ಲೋ, ಒಂದು ಬಿಯರ್ ಹಾಕ್ರೋ ಬೋರ್ಡ್ ಡೆನ್ಜಿಲ್‌ಗೆ. ಗ್ಲಾಸ್ ಬೇಡ, ಲೇಬಲ್ ಒಂದು ಕೊಟ್ರೆ ಸಾಕು ಅವನಿಗೆ!"

ಮಾರನೆಯ ದಿನದಿಂದ ಪೆಟ್ರೋಲ್ ಬಂಕಿನವನೂ ಅವನನ್ನು ಹಾಗೆಯೇ ಕರೆದ. ಡೆನ್ಜಿಲ್‌ನ ಮೈಯೆಲ್ಲ ಉರಿದುಹೋಯಿತು. ಊರಿನ ಮಂದಿಗೆಲ್ಲ ಹೆಸರು ಮಾರುವವನಿಗೆ ಊರು ಒಂದು ಹೆಸರಿಟ್ಟಿತ್ತು, ಅದೂ ಬಿಟ್ಟಿಯಾಗಿ.

ಅವನು ಆತುರಪಡಲಿಲ್ಲ. ಆತುರ ಬಡವರ ರೋಗ. ಡಿಸೆಂಬರಿಗೆ ಶುರುವಾಗುವ ಅಲ್ಲಿಯ ಬೇಸಿಗೆಯಿಡೀ ಯೋಚಿಸಿದ. ಪೆಟ್ರೋಲು, ಬೆಂಕಿಪೊಟ್ಟಣ ಇವೆಲ್ಲ ಕುಡಿದ ಹುಡುಗರ ಕೆಲಸ. ಅಂಥವರು ಸಿಕ್ಕಿಬೀಳುವುದು ನ್ಯಾಯವೇ. ಒಳ್ಳೆಯ ಬೆಂಕಿ ತಾನಾಗಿ ಹೊತ್ತಿಕೊಂಡಂತೆ ಇರಬೇಕು. ಅದಕ್ಕೊಬ್ಬ ಅಪರಾಧಿ ಬೇಕೇ ಬೇಕು ಎನ್ನುವುದಾದರೆ, ಆ ಅಪರಾಧಿ ಅಂಗಡಿಯವಳೇ ಆಗಿರಬೇಕು.

ಬೆರಿಲ್ ಹೆಮ್ಮೆಪಡುತ್ತಿದ್ದ ಒಂದು ಅಭ್ಯಾಸದಲ್ಲೇ ಅವನಿಗೆ ದಾರಿ ಸಿಕ್ಕಿತು. ದಿನಾ ಸಂಜೆ ಅವಳು ಅಡಿಗೆಮನೆಯ ಜಿಡ್ಡು ಒರೆಸುವ ಬಟ್ಟೆಗಳನ್ನೆಲ್ಲ ಒಗೆದು, ಯಂತ್ರದಲ್ಲಿ ಬಿಸಿಬಿಸಿಯಾಗಿ ಒಣಗಿಸಿ, ಮಡಚಿ ಬೆತ್ತದ ಬುಟ್ಟಿಯಲ್ಲಿ ಒಟ್ಟಿಟ್ಟು ಹೋಗುತ್ತಿದ್ದಳು. ಎಣ್ಣೆ ಪೂರ್ತಿ ಬಿಡದ ಬಟ್ಟೆ ಬಿಸಿಯಲ್ಲೇ ರಾಶಿ ಬಿದ್ದರೆ ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುವುದುಂಟು. ಇದನ್ನು ಎಚ್ಚರಿಸುವ ಭಿತ್ತಿಪತ್ರ ಕ್ಲಬ್ಬಿನ ಅಡಿಗೆಮನೆಯಲ್ಲೇ ಇತ್ತು, ಅಂಟಿಸಿದವನು ಮರ್ವ್. ಮೂವತ್ತು ವರ್ಷ ಹೊತ್ತಿಕೊಳ್ಳದ ಬುಟ್ಟಿ ಮುಂದೆಯೂ ಹೊತ್ತಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಬೆರಿಲ್ ಚೆನ್ನಾಗಿ ಒಗೆಯುತ್ತಿದ್ದಳು. ಆ ಬುಟ್ಟಿಗೆ ಒಂದಿಷ್ಟು ಕೈಸಹಾಯ ಬೇಕಿತ್ತು, ಅಷ್ಟೆ. ಹಿಂಬಾಗಿಲ ಕೀಲಿಕೈ ಹೂಕುಂಡದ ಅಡಿಯಲ್ಲಿ ಇರುವುದು ಊರಿಗೆಲ್ಲ ಗೊತ್ತು. ಒಬ್ಬರನ್ನೊಬ್ಬರು ನಂಬುವ ಊರುಗಳ ಬಗ್ಗೆ ಅವನಿಗೆ ಎಂದಿನಿಂದಲೂ ತಿರಸ್ಕಾರ.

ದಿನ ಯಾವುದೆಂಬುದೂ ತಾನಾಗಿ ಒದಗಿತು. ಶುಕ್ರವಾರ ಬೆರಿಲ್ ಐದಕ್ಕೇ ಬಾಗಿಲು ಹಾಕಿ ಮನೆಗೆ ಹೋಗಿ, ಮಿಂದು, ಲಾಟರಿಗೆ ಬರುತ್ತಾಳೆ. ಅಗ್ನಿಶಾಮಕ ದಳದವರೆಲ್ಲ ಅಲ್ಲೇ ಬಿಯರ್ ಕುಡಿಯುತ್ತಿರುತ್ತಾರೆ. ಬುಟ್ಟಿ ಕಾವೇರಲು ತಾಸುಗಟ್ಟಲೆ ಬೇಕು. ಅಷ್ಟು ಹೊತ್ತೂ ಡೆನ್ಜಿಲ್ ಪೆನ್‌ರೋಸ್ ಎಂಬತ್ತು ಜನರ ಕಣ್ಣೆದುರು ಕೂತು ಅವರ ಹಳಸಲು ಜೋಕುಗಳಿಗೆ ನಗುತ್ತಿರಬೇಕು. ಯೋಜನೆಯಲ್ಲಿ ಅವನಿಗೆ ಕಷ್ಟವೆನಿಸಿದ ಭಾಗ ಅದೊಂದೇ.

ಅಷ್ಟಕ್ಕೇ ನಿಲ್ಲಿಸಿದರೆ ಅದು ಬರೀ ಸೇಡು. ಸೇಡು ಹೊಟ್ಟೆ ತುಂಬಿಸುವುದಿಲ್ಲ. ಬೆಂಕಿ ಬಿದ್ದಮೇಲೆ ಈ ಜನ ಏನು ಮಾಡುತ್ತಾರೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಅಳುತ್ತಾರೆ, ತಬ್ಬಿಕೊಳ್ಳುತ್ತಾರೆ, ಸಾಸೇಜ್ ಸುಟ್ಟು ಮಾರುತ್ತಾರೆ, ಚಂದಾ ಎತ್ತುತ್ತಾರೆ. ಅಡಿಲೇಡಿನಿಂದ ಪಾಸ್ಟಿ ತಿನ್ನಲು ಬರುವ ಸಾವಿರಾರು ಮಂದಿಯೂ ಕೊಡುತ್ತಾರೆ. ಆ ಚಂದಾಕ್ಕೊಂದು ವೆಬ್‌ಸೈಟು ಬೇಕು, ವೆಬ್‌ಸೈಟಿಗೊಂದು ಹೆಸರು ಬೇಕು. ಹೆಸರನ್ನು ಅವರಿಗೆ ದಾನವಾಗಿ ಕೊಟ್ಟು, ಸೈಟು ನಡೆಸುವ ಕೆಲಸವನ್ನು ತಾನೇ ಹೊತ್ತುಕೊಂಡರೆ, ಬರುವ ಪ್ರತಿ ಡಾಲರಿನಲ್ಲಿ ಸೇವಾಶುಲ್ಕವೆಂದು ಒಂದು ಚೂರು ಕತ್ತರಿಸಿಕೊಳ್ಳಬಹುದು. ಸಣ್ಣ ಅಕ್ಷರ ಓದುವ ಅಭ್ಯಾಸ ಈ ಬಾರ್ಲಿ ತಲೆಗಳಿಗೆ ಇಲ್ಲ. ಜೊತೆಗೆ, ಎಲ್ಲರೆದುರು ಬೆರಿಲ್ ತನ್ನ ಕೈ ಹಿಡಿದು ಉಪಕಾರವಾಯಿತು ಅನ್ನಬೇಕು. ಅದು ಅವನಿಗೆ ದುಡ್ಡಿಗಿಂತ ಹೆಚ್ಚಾಗಿ ಬೇಕಿತ್ತು.

ಎಲ್ಲವೂ ಅವನು ಬಯಸಿದ ಹಾಗೇ ನಡೆಯಿತು. ಮಾರ್ಚ್ ಹದಿನಾಲ್ಕರ ಶುಕ್ರವಾರ ಲಾಟರಿಯಲ್ಲಿ ಕುರಿಯ ತೊಡೆ ಗೆದ್ದವನ ಹೆಸರು ಕೂಗುವ ಹೊತ್ತಿಗೆ ಸೈರನ್ ಕೂಗಿತು. ಮರ್ವ್‌ನ ಮಂದಿ ಗ್ಲಾಸು ಕೆಳಗಿಟ್ಟು ಓಡಿದರು. ಡೆನ್ಜಿಲ್ ಕೂಡ ಓಡಿದ, ಪೈಪನ್ನೂ ಹಿಡಿದ, ಕೆಮ್ಮಿದ. ಮಾಡು ಕುಸಿದು ಕಿಡಿ ಹಾರುವಾಗ ಬೆರಿಲ್ ಜೆಟ್ಟಿಯ ಕಟ್ಟೆಯ ಮೇಲೆ ಕೂತು ಚೀಲವನ್ನು ಎದೆಗೊತ್ತಿಕೊಂಡಿದ್ದಳು. ಅವಳ ಮುಖವನ್ನು ಅವನು ಕಣ್ತುಂಬ ನೋಡಿದ.

ಅಡಿಲೇಡಿನಿಂದ ತನಿಖೆಯವರು ಬಂದು ಬೂದಿ ಕೆದಕಿ, ಬಟ್ಟೆಯ ಬುಟ್ಟಿಯಿಂದಲೇ ಶುರುವಾದದ್ದು, ಅಜಾಗರೂಕತೆ ಎಂದು ಬರೆದು ಹೋದರು. ಡೆನ್ಜಿಲ್ ಒಂದು ಹೂಗುಚ್ಛ ಕೊಂಡು ಬೆರಿಲ್‌ಳನ್ನು ಮಾತಾಡಿಸಲು ಅವಳ ಮನೆಗೆ ಹೋದ. ಅವಳು ಅಡಿಗೆಮನೆಯ ಮೇಜಿನ ಮುಂದೆ ತಣ್ಣಗಾದ ಚಹಾ ಇಟ್ಟುಕೊಂಡು ಕೂತಿದ್ದಳು. ಒಂದೇ ವಾರಕ್ಕೆ ಸೊರಗಿದ್ದಳು.

"ನಾನೇ ಸುಟ್ಟೆ ಕಣೋ," ಅಂದಳು. "ಅವತ್ತು ಲಾಟರಿಗೆ ಹೊತ್ತಾಯ್ತು ಅಂತ ಗಡಿಬಿಡೀಲಿ ಬಟ್ಟೆ ಆರೋಕೆ ಬಿಡಲಿಲ್ಲವೋ ಏನೋ. ಎಷ್ಟು ನೆನಪು ಮಾಡಿಕೊಂಡ್ರೂ ನೆನಪಾಗ್ತಿಲ್ಲ. ನಮ್ಮ ಯಜಮಾನ್ರು ಕಟ್ಟಿಸಿದ ಅಂಗಡಿ, ನನ್ನ ಕೈಯಾರೆ ಸುಟ್ಟೆ."

"ಯಾರಿಗಾದ್ರೂ ಆಗೋದೇ ಬೆರಿಲ್. ವಯಸ್ಸಾಯ್ತಲ್ಲ, ಮರೆವು ಸಹಜ," ಅಂದ ಡೆನ್ಜಿಲ್.

"ಮರ್ವ್ ಮತ್ತೆ ಕಟ್ಟೋಣ ಅಂತಾನೆ. ನನಗೆ ಬೇಡಪ್ಪ. ಮತ್ತೆ ಒಲೆ ಹಚ್ಚೋಕೆ ನನಗೆ ಧೈರ್ಯ ಇಲ್ಲ. ನಾಳೆ ಇನ್ಯಾರದೋ ಮನೆ ಸುಟ್ಟುಬಿಟ್ರೆ?"

ಮನೆಗೆ ನಡೆದು ಬರುವಾಗ ಅವನ ಹೊಟ್ಟೆ ತಣ್ಣಗಾಗಿತ್ತು. ಅಂಗಡಿ ಸುಡುವುದಷ್ಟೇ ಅವನ ಲೆಕ್ಕದಲ್ಲಿತ್ತು. ಮುದುಕಿಯ ಧೈರ್ಯವೂ ಸುಟ್ಟುಹೋದದ್ದು ಮೇಲುಗೂಲಿಯಂತೆ ಸಿಕ್ಕಿತು. ಇಂಥ ಮನುಷ್ಯನ ಬಗ್ಗೆ ಹೇಳುವಾಗ ನಾಲಿಗೆ ಕಹಿಯಾಗುತ್ತದೆ, ಆದರೂ ಕತೆ ಮುಗಿಸಬೇಕು.

ಊರಿನ ಸಭೆ ಕ್ಲಬ್ಬಿನಲ್ಲೇ ಸೇರಿತು. ಬೆರಿಲ್‌ಳನ್ನು ಒತ್ತಾಯ ಮಾಡಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪೊಲೀಸ್ ಸ್ಟೇಷನ್ನಿನ ಗ್ವೆನ್ ಕೂಡ ಡ್ಯೂಟಿ ಮುಗಿಸಿ ಬಂದು, ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜ್ ತಿನ್ನುತ್ತ ಗೋಡೆಗೆ ಒರಗಿ ನಿಂತಿದ್ದಳು. ಮರ್ವ್ ಎದ್ದು, ಚಂದಾ ಎತ್ತುವ ಸೈಟಿಗೆ 'ರೀಬಿಲ್ಡ್ ಬೆರಿಲ್ಸ್' ಅಂತ ಹೆಸರಿಡೋಣ, ಬೆರಿಲ್ ಅಂಗಡಿ ಮತ್ತೆ ಕಟ್ಟೋಣ ಅಂತ ನೇರವಾಗಿ ಹೇಳೋಣ ಅಂದ. ಎಲ್ಲರೂ ಮೇಜು ಕುಟ್ಟಿದರು. ಆಗ ಡೆನ್ಜಿಲ್ ಎದ್ದು ನಿಂತ.

"ಅದರ ಡಾಟ್ ಕಾಮ್ ನನ್ನ ಹತ್ರ ಇದೆ," ಅಂದ.

ಸಭೆಯಲ್ಲಿ ಗೊಣಗಾಟ ಎದ್ದಿತು. "ಶುರುವಾಯ್ತು ನೋಡಪ್ಪ ಇವನದು," ಅಂದರು ಯಾರೋ.

"ಮಾರೋಕಲ್ಲ ಮಾರಾಯ್ರೆ, ಕೊಡೋಕೆ," ಅಂದ ಡೆನ್ಜಿಲ್. ಕನ್ನಡಿಯ ಮುಂದೆ ನಿಂತು ಪಳಗಿಸಿಕೊಂಡ ಗದ್ಗದ ಸರಿಯಾಗಿ ಬಂತು. "ಬೆಂಕಿ ಬಿದ್ದ ರಾತ್ರೀನೇ ಹಿಡಿದಿಟ್ಟೆ. ಬೂದಿ ಆರೋ ಮೊದಲೇ ಯಾವನಾದ್ರೂ ಕಳ್ಳ ಹಿಡಿದುಕೊಂಡು ಬೆರಿಲ್ ಹೆಸರಲ್ಲಿ ದುಡ್ಡು ಮಾಡ್ತಾನೆ ಅಂತ ಭಯ ಆಯ್ತು. ಇವತ್ತು ನಿಮ್ಮೆಲ್ಲರ ಎದುರು ಕ್ಲಬ್ಬಿಗೆ ಬರೆದುಕೊಡ್ತೀನಿ. ಸೈಟ್ ನಡೆಸೋ ತಲೆನೋವೂ ನನಗೇ ಇರಲಿ."

ಚಪ್ಪಾಳೆ ಬಿತ್ತು. ಮರ್ವ್ ಬಂದು ಅವನ ಬೆನ್ನ ಮೇಲೆ ಗುದ್ದಿ, "ತಪ್ಪು ತಿಳಿದಿದ್ವಿ ಕಣೋ ನಿನ್ನ, ಕ್ಷಮಿಸು," ಅಂದ. ಬೆರಿಲ್ ಎದ್ದು ಬಂದು ಅವನ ಕೈ ಹಿಡಿದಳು. "ಉಪಕಾರ ಆಯ್ತಪ್ಪ," ಅಂದಳು. ಬೇಸಿಗೆಯಿಡೀ ಅವನು ಕಾದದ್ದು ಆ ಎರಡು ಮಾತಿಗೆ.

ಕ್ರಿಕೆಟ್ ನೋಡಲು ಹಾಕಿದ್ದ ದೊಡ್ಡ ಪರದೆಗೆ ಅವನು ತನ್ನ ಲ್ಯಾಪ್‌ಟಾಪ್ ಜೋಡಿಸಿದ. ಎರಡನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳುತ್ತ ಹೆಸರನ್ನು ಕ್ಲಬ್ಬಿಗೆ ವರ್ಗಾಯಿಸಿದ. ನಂಬಿಕೆ ಬರಲೆಂದು ಕೊನೆಗೆ ಆ ಹೆಸರಿನ ಸಾರ್ವಜನಿಕ ದಾಖಲೆಯನ್ನೂ ತೆರೆದು, ಪರದೆಗೆ ಬೆನ್ನು ಹಾಕಿ ಸಭೆಯ ಕಡೆ ತಿರುಗಿದ. "ಈಗ ಒಡೆಯರು ಯಾರು ಅಂತ ನೀವೇ ಓದ್ಕೊಳ್ಳಿ," ಅಂದ. ಚಪ್ಪಾಳೆಗೆ ಕಾದ. ಬರಲಿಲ್ಲ. ಓದು ಬಾರದ ದಡ್ಡರು ಅಂದುಕೊಂಡು ನಗುತ್ತ ಇನ್ನಷ್ಟು ಕಾದ. ಗ್ವೆನ್ ಸಾಸೇಜ್ ಅಗಿಯುವುದನ್ನು ನಿಲ್ಲಿಸಿದ್ದಳು. ಮರ್ವ್ ಕಣ್ಣು ಕಿರಿದು ಮಾಡಿ ಅವನ ತಲೆಯ ಮೇಲಿಂದ ಪರದೆಯನ್ನೇ ನೋಡುತ್ತಿದ್ದ.

"ಡೆನ್ಜಿಲ್," ಅಂದ ಮರ್ವ್, "ಒಡೆಯರು ಸರಿ. ಅದರ ಕೆಳಗಿನ ಸಾಲು ಓದು ಮಾರಾಯ."

ಆಸ್ಟ್ರೇಲಿಯಾದ ಹೆಸರುಗಳ ದಾಖಲೆಯಲ್ಲಿ ಹೆಸರು ಯಾವತ್ತು ಹುಟ್ಟಿತೆಂದು ಹೊರಗಿನವರಿಗೆ ತೋರಿಸುವ ಪದ್ಧತಿಯಿಲ್ಲ. ಇಪ್ಪತ್ತು ವರ್ಷ ಅವನ್ನೇ ನೋಡಿ ಪಳಗಿದ ಡೆನ್ಜಿಲ್‌ನ ಕಣ್ಣಿಗೆ ಆ ಸಾಲು ಇರುತ್ತದೆಂಬುದೇ ಮರೆತುಹೋಗಿತ್ತು. ಸಂಬಂಧ ಏನೆಂದು ಕೇಳುವ ಪಂಚರ ಕಾಟ ಬೇಡವೆಂದು ಈ ಸಲ ಅವನು ಹಿಡಿದದ್ದು ಡಾಟ್ ಕಾಮ್ ಹೆಸರು. ಒಡೆಯ ಬಯಸಿದರೆ ಅದು ಅವನ ಹೆಸರು ಮುಚ್ಚಿಡಬಹುದು, ಆದರೆ ತಾನು ಹುಟ್ಟಿದ ದಿನವನ್ನು ಕೇಳಿದವರಿಗೆಲ್ಲ ಹೇಳುತ್ತದೆ. ಅವನು ತಿರುಗಿದ. ಯಾರಿಗಿಂತಲೂ ಮೊದಲು ಹಿಡಿಯಬೇಕೆಂಬ ಕಸುಬಿನ ಚಟ, ಆಳೆತ್ತರದ ಅಕ್ಷರದಲ್ಲಿ ಪರದೆಯ ಮೇಲಿತ್ತು: ನೋಂದಣಿಯಾದ ದಿನ, ಮಾರ್ಚ್ ಹತ್ತು. "ಹತ್ತನೇ ತಾರೀಕು ರಜಾ ಸೋಮವಾರ ಕಣೋ," ಅಂದಳು ಬೆರಿಲ್, ಇನ್ನೂ ಅವನ ಪಕ್ಕದಲ್ಲೇ ನಿಂತು. ಬೆಂಕಿ ಬಿದ್ದ ದಿನದಿಂದ ಮೊದಲ ಸಲ ಅವಳ ದನಿ ನಡುಗಲಿಲ್ಲ. "ಅವತ್ತು ಜೆಟ್ಟಿವರೆಗೂ ಜನ ಸಾಲು ನಿಂತಿದ್ರು. ಇಡೀ ದಿನ ಪಾಸ್ಟಿ ಮಾರಿ ಮಾರಿ ನನ್ನ ಕೈ ಬಿದ್ದುಹೋಗಿತ್ತು. ಗಟ್ಟಿಮುಟ್ಟಾಗಿ ನಿಂತಿದ್ದ ಅಂಗಡೀನ ಮತ್ತೆ ಕಟ್ಟೋಕೆ ಅವತ್ತೇ ಹೆಸರು ಹಿಡಿದಿದ್ದೆಯೇನೋ, ಡೆನ್ಜಿಲ್?"