ಚೀಲ ಕಟ್ಟಿದ ಆಲದ ಮರ

ರಂಗನಾಯಕನ ಫೋನು ಬಂದಾಗ ಚೆಲುವರಾಜು ನಂಜನಗೂಡಿನ ಹೊಳೆದಂಡೆಯ ಒಂದು ಮಳೆಮರದ ಮೇಲೆ ಕೂತು, ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿಗೆ ಹೊಡೆದಿದ್ದ ಮೊಳೆಗಳನ್ನು ಕೀಳುತ್ತಿದ್ದ. ಮೊಳೆ ಕೀಳದೆ ಗರಗಸದ ಮೆಷಿನ್ನು ಹಚ್ಚಿದರೆ ಚೈನು ಕಿತ್ತುಕೊಂಡು ನೇರ ಮುಖಕ್ಕೇ ಬರುತ್ತದೆ. ಕವಲಿನಲ್ಲಿ ಕೈಯಿಟ್ಟರೆ ಗುಟ್ಕಾ ಪೊಟ್ಟಣ, ಪೊಟರೆಯಲ್ಲಿ ಕೈಯಿಟ್ಟರೆ ಬಾಟ್ಲಿ ಚೂರು, ಬುಡದಲ್ಲಿ ಉಚ್ಚೆಯ ನಾತ. ಮರ ಕತ್ತರಿಸುವ, ಕತ್ತರಿಸಿ ಉಳಿಸುವ ಸ್ವಂತ ಕಸುಬು ಹಿಡಿದ ಮೇಲೆ ಅವನಿಗೆ ಎತ್ತರದ ಭಯ ಪೂರ್ತಿ ಹೋಗಿತ್ತು. ಜನರ ಹೊಲಸಿನ ಮೇಲಿನ ಹೇಸಿಗೆ ಮಾತ್ರ ದಿನದಿನಕ್ಕೂ ಹೆಚ್ಚಿತ್ತು.

ರಂಗನಾಯಕ ಮುಡುಕುತೊರೆಯ ಹತ್ತಿರ ಕಾವೇರಿಯಲ್ಲಿ ತೆಪ್ಪ ಹಾಕುವವನು. ಏದುಸಿರು ಬಿಡುತ್ತಾ ಸುದ್ದಿ ಹೇಳಿದ. ನಿನ್ನೆ ಸಂಜೆಯ ಗಾಳಿಗೆ ನಡುಗಡ್ಡೆಯ ಆಲದ ಮರದ ದೊಡ್ಡ ಕೊಂಬೆ ಸೀಳಿಕೊಂಡು ಬಿದ್ದಿದೆ. ಅದರಡಿ ಕೆಂಪಾಜಮ್ಮನ ಹಸು ಚುಕ್ಕಿ ಸಿಕ್ಕಿಕೊಂಡಿದೆ. ಮೊನ್ನೆಯಷ್ಟೇ ಕರು ಹಾಕಿದ ಹಸು. ಆ ಒಂಟಿ ಹೆಂಗಸಿನ ಒಲೆ ಉರಿಯುವುದೇ ಅದರ ಹಾಲಿನಿಂದ.

"ಊರೋರು ಕೆಳಗಿಂದ ಮಚ್ಚಾಕಿದ್ರು ಕಣಣ್ಣ. ಕೊಂಬೆ ಇನ್ನೊಂದು ಗೇಣು ಕೆಳೀಕ್ ಕೂತ್ಕತು. ಈಗ ಯಾರೂ ಮುಟ್ಟಾಕಿಲ್ಲ ಅಂತಾವ್ರೆ. ನೀನು ಬಂದ್ರೆ ಉಂಟು."

ಚೆಲುವರಾಜು ಮರದ ಮೇಲಿನಿಂದಲೇ ಕಪಿಲೆಯತ್ತ ನೋಡಿದ. ಬೆಳಿಗ್ಗೆ ಹಸಿರಾಗಿ ಮಲಗಿದ್ದ ಹೊಳೆ ಈಗ ಕೆಂಪಗಾಗಿ, ನೊರೆ ಮತ್ತು ಕಸ ಹೊತ್ತು ಓಡುತ್ತಿತ್ತು. ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ. ಈ ನೀರು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರಿ, ಸಂಜೆಯೊಳಗೆ ಆ ನಡುಗಡ್ಡೆಯ ಮೇಲೆ ಹರಿಯುತ್ತದೆ. ಹೊಳೆಗಿಂತ ಮೊದಲು ತಾನು ಅಲ್ಲಿರಬೇಕು.

"ಯಾವ ಆಲದ ಮರ ಅದು?" ಎಂದು ಕೇಳಿದ.

"ಇನ್ಯಾವುದು, ಅದೇ ಚೀಲದ ಮರ."

ಬೆಳಗಿನ ಇಡ್ಲಿ ಹುಳಿಯಾಗಿ ಚೆಲುವರಾಜುವಿನ ಗಂಟಲಿಗೆ ಬಂತು.

ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ನಾಯಿ ತಿಂದರೆ ಹಾಲು ಬತ್ತುತ್ತದೆ, ಆಲದ ಮರಕ್ಕೆ ಕಟ್ಟಿದರೆ ಕೆಚ್ಚಲು ತುಂಬುತ್ತದೆ ಎಂದು ಆ ಕಡೆಯವರ ನಂಬಿಕೆ. ಹಿಂದೆ ಹುಲ್ಲಿನಲ್ಲಿ ಸುತ್ತಿ ಕಟ್ಟುತ್ತಿದ್ದರು. ಕಾಗೆ ತಿಂದು, ಬಿಸಿಲಿಗೆ ಒಣಗಿ, ಕೆಲವೇ ದಿನಗಳಲ್ಲಿ ಮಾಯವಾಗುತ್ತಿತ್ತು. ಈಗ ಹುಲ್ಲು ಸುತ್ತುವ ತಾಳ್ಮೆ ಯಾರಿಗಿದೆ? ಪ್ಲಾಸ್ಟಿಕ್ ಚೀಲ ಇದೆ, ನೈಲಾನ್ ದಾರ ಇದೆ. ಚೀಲದೊಳಗೆ ಮಳೆನೀರು ನಿಂತು, ಮಾಸು ಒಣಗುವುದೂ ಇಲ್ಲ, ಮುಗಿಯುವುದೂ ಇಲ್ಲ. ರಸ್ತೆ ಅಗಲ ಮಾಡಲು ದಂಡೆಯ ಆಲದ ಮರಗಳನ್ನೆಲ್ಲ ಉರುಳಿಸಿದ ಮೇಲಂತೂ ಸುತ್ತಲಿನ ಊರುಗಳ ಚೀಲಗಳು ತೆಪ್ಪ ಹತ್ತಿ ಈ ಒಂದೇ ಮರಕ್ಕೆ ಬರತೊಡಗಿದವು. ಹೋದ ವರ್ಷ ಒಣರೆಂಬೆ ತೆಗೆಯಲು ಹೋಗಿದ್ದ ಚೆಲುವರಾಜು ಅರ್ಧ ಹತ್ತಿ ಇಳಿದು, ಜನ್ಮದಲ್ಲಿ ಇನ್ನು ಇದರ ಮೇಲೆ ಕಾಲಿಡುವುದಿಲ್ಲ ಎಂದು ಬೈದು ಬಂದಿದ್ದ.

ಕೆಳಗೆ ಹಗ್ಗ ಹಿಡಿದು ನಿಂತಿದ್ದವಳು ಅವನ ಹೆಂಡತಿ ವನಿತಾ. ಕೂಲಿಯವನೊಬ್ಬ ಫೋನು ನೋಡುತ್ತಾ ಹಗ್ಗ ಸಡಿಲ ಬಿಟ್ಟು ಗಂಡನ ಪಕ್ಕೆಲುಬು ಮುರಿಸಿದ ದಿನದಿಂದ ಅವಳು ಆ ಕೆಲಸವನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ. ಅವನು ಇಳಿದು ವಿಷಯ ಹೇಳಿದ. ಚೀಲದ ಮರ ಎಂದಾಗ ದನಿ ಸಣ್ಣಗಾಯಿತು. ವನಿತಾ ಹಗ್ಗ ಸುತ್ತಿ ಲಗೇಜ್ ಆಟೊಗೆ ಎಸೆದಳು.

"ಹಸು ಏನು ಮಾಡೈತೆ ಪಾಪ. ನಡೀರಿ," ಎಂದಳು.

ಆಟೊ ಓಡಿತು. ಎಡಬಲಕ್ಕೆ ನಾಟಿಗೆ ಉತ್ತ ಗದ್ದೆಗಳು, ಕಬ್ಬಿನ ತೋಟಗಳು, ನಾಲೆಯ ಏರಿ. ರಸ್ತೆಯ ಉದ್ದಕ್ಕೂ ಕಡಿದ ಮರಗಳ ಬುಡಗಳಿದ್ದವು. ಒಂದರ ಮೇಲೆ ಎಳನೀರು ಬುರುಡೆ ರಾಶಿ ಬಿದ್ದು ನೊಣ ಮುತ್ತಿತ್ತು. ನರಸೀಪುರದ ಸೇತುವೆಯ ಮೇಲೆ ಚೆಲುವರಾಜು ಗಾಡಿ ನಿಧಾನ ಮಾಡಿ ಕೆಳಗೆ ನೋಡಿದ. ಕಪಿಲೆ ಇನ್ನೂ ತಿಳಿಯಾಗಿತ್ತು. ಕೆಂಪು ನೀರು ಹಿಂದೆ ಉಳಿದಿತ್ತು, ಆದರೆ ಬರುತ್ತಿತ್ತು. ಅವನು ಮತ್ತೆ ವೇಗ ಹೆಚ್ಚಿಸಿದ.

ಮುಡುಕುತೊರೆಯ ಬೆಟ್ಟ ಕಾಣಿಸಿದ ಮೇಲೆ ದಾರಿ ಹೊಳೆಗೆ ಇಳಿಯಿತು. ರಂಗನಾಯಕ ತೆಪ್ಪ ಸಿದ್ಧ ಮಾಡಿಕೊಂಡು ಕಾಯುತ್ತಿದ್ದ. ನಡುಗಡ್ಡೆ ದೂರದಿಂದ ಬಲು ಚೆಂದ: ಬಿಳಿ ಮರಳು, ಆಪು ಹುಲ್ಲು, ಅಂಚಿನಲ್ಲಿ ಕೆಂಪಾಜಮ್ಮನ ಸೌತೆಬಳ್ಳಿಯ ಪಾತಿ ಮತ್ತು ಗುಡಿಸಲು, ನಡುವೆ ಬಿಳಲು ಬಿಟ್ಟು ಒಂದು ತೋಪಿನಂತೆ ಹರಡಿದ ಒಂಟಿ ಆಲ. ಅರ್ಧ ಹೊಳೆ ದಾಟುವಷ್ಟರಲ್ಲಿ ಗಾಳಿ ತಿರುಗಿತು. ವನಿತಾ ಸೆರಗು ಮೂಗಿಗೆ ಒತ್ತಿಕೊಂಡಳು. ಸತ್ತ ಇಲಿ, ಕೊಳೆತ ಮೀನು, ಕೆಟ್ಟ ಹಾಲು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ ನಾತ.

"ದಿನಾ ಬರೋ ನಂಗೇ ಆಗಾಕಿಲ್ಲ," ಎಂದು ರಂಗನಾಯಕ ಹುಟ್ಟು ಹಾಕುತ್ತಲೇ ಉಗಿದ.

ಮರದ ಕೆಳಗೆ ಕೆಂಪಾಜಮ್ಮ ಹಸುವಿನ ತಲೆಯ ಹತ್ತಿರ ಕೂತು ಎಳೆಹುಲ್ಲು ತಿನ್ನಿಸುತ್ತಿದ್ದಳು. ಹಸು ಮಲಗಿತ್ತು. ಬಿದ್ದ ಕೊಂಬೆಯ ಒಂದು ಕವಲು ಅದರ ಸೊಂಟವನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಕೊಂಬೆಯ ಒಂದು ತುದಿ ಇನ್ನೂ ಸಿಪ್ಪೆಯಷ್ಟು ಮರಕ್ಕೆ ಅಂಟಿತ್ತು. ಉಳಿದ ಭಾರವನ್ನು ನಾಲ್ಕಾರು ಬಿಳಲುಗಳು ಬಾಗಿ ಹೊತ್ತಿದ್ದವು. ಅವು ಸೋತರೆ ಹಸು ಚಪ್ಪಟೆ. ಹೊರಗೆ ನಿಂತ ಕರು ಅಮ್ಮನ ಕೆಚ್ಚಲಿಗೆ ದಾರಿ ಸಿಗದೆ ಕೂಗಿ ಕೂಗಿ ದನಿ ಕಳೆದುಕೊಂಡಿತ್ತು.

ಚೆಲುವರಾಜು ಸುತ್ತು ಹಾಕಿ ನೋಡಿದ. ಕೆಳಗಿಂದ ಕಡಿದದ್ದೇ ತಪ್ಪು. ಮೇಲೆ ಹೋಗಿ ಕೊಂಬೆಯ ನಡುವಿಗೆ ಹಗ್ಗ ಬಿಗಿದು, ಅದನ್ನು ಗಟ್ಟಿ ಕವಲಿನ ಮೇಲೆ ಹಾಯಿಸಿ ಬುಡಕ್ಕೆ ಸುತ್ತಬೇಕು. ಆಮೇಲೆ ಕೊಂಬೆಯ ಭಾರ ಇಳಿಸಬೇಕು. ಕಡೆಗೆ ಹಸುವನ್ನು ಒತ್ತಿದ ಕವಲು ಕುಯ್ಯಬೇಕು. ಮೊದಲು ಇಳಿಸಬೇಕಾದ ಭಾರ ಯಾವುದು ಎಂದು ತಲೆಯೆತ್ತಿ ನೋಡಿದ. ಸೀಳಿದ ಕೊಂಬೆಯ ತುಂಬ ಚೀಲಗಳು. ಮಳೆನೀರು ಕುಡಿದು ಉಬ್ಬಿದ, ನೊಣದಿಂದ ಕಪ್ಪಾದ, ಹನಿಯುತ್ತಿದ್ದ ಚೀಲಗಳು. ಕೊಂಬೆ ಮುರಿದದ್ದು ಬರೀ ಗಾಳಿಗಲ್ಲ.

ಅವನು ಹೆಲ್ಮೆಟ್ ಹಾಕಿ, ಸೊಂಟದ ಪಟ್ಟಿ ಬಿಗಿದು ಹತ್ತಿದ.

ಮೊದಲ ಚೀಲದ ದಾರ ಕೊಯ್ದು ಹಸುವಿನಿಂದ ದೂರಕ್ಕೆ ಎಸೆದ. ಎರಡನೆಯದು ನೆಲಕ್ಕೆ ಬಿದ್ದು ಸಿಡಿಯಿತು. ರಂಗನಾಯಕ ಓಡಿ ಹೋಗಿ ಹುಲ್ಲಿನಲ್ಲಿ ಕಾರಿಕೊಂಡ. ಮೂರನೆಯದರ ತಳ ಕೊಳೆತಿತ್ತು. ಕೈ ತಾಗಿದ್ದೇ ತಡ, ಬಿರಿದು ಪೂರ್ತಿ ಅವನ ಮೇಲೆ ಬಂತು.

ಕಪ್ಪು ನೀರು ಹೆಲ್ಮೆಟ್ಟಿನೊಳಗೆ ಇಳಿಯಿತು. ಕಾಲರಿನೊಳಗೆ ಹುಳುಗಳು ಹರಿದವು. ತುಟಿಯ ಮೇಲೂ ಒಂದಿತ್ತು.

ಚೆಲುವರಾಜು ಕೊಂಬೆ ತಬ್ಬಿಕೊಂಡು ವಾಂತಿ ಮಾಡಿದ. ಮರದ ಮೇಲೆ ವಾಂತಿ ಮಾಡುವುದೂ ಒಂದು ಕೆಲಸ; ಹಿಡಿತ ಬಿಡದೆ ಮಾಡಬೇಕು. ಅಸಹ್ಯಕ್ಕೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಹಾಲು ಬೇಕು, ಹುಲ್ಲು ಸುತ್ತಲು ಸೋಮಾರಿತನ. ತಮ್ಮ ಮನೆಯಂಗಳದಲ್ಲಿ ಒಂದು ಹೊತ್ತು ಇಟ್ಟುಕೊಳ್ಳಲಾಗದ್ದನ್ನು ಮರದ ಕೊರಳಿಗೆ ವರ್ಷಗಟ್ಟಲೆ ನೇತು ಹಾಕುವ ಜನ. ಅವನು ಒಂದೊಂದು ಊರಿನ ಹೆಸರು ಹಿಡಿದು ಬೈಯುತ್ತಾ ಒಂದೊಂದು ಚೀಲ ಎಸೆದ.

ತುದಿಯಲ್ಲಿ ಹೊಸ ನೀಲಿ ಚೀಲವೊಂದು ಉಳಿಯಿತು. ಮಚ್ಚು ಎತ್ತುವಾಗ ಕೆಳಗಿನಿಂದ ಕೆಂಪಾಜಮ್ಮನ ದನಿ ಕೇಳಿತು.

"ಮಗ, ಅದು ನಮ್ ಚುಕ್ಕೀದು. ನೆಲುಕ್ ಬೀಳುಸ್ಬ್ಯಾಡ ಕಣಪ್ಪ. ಹಾಲು ಬತ್ತೋಯ್ತದೆ."

ಅವನಿಗೆ ಮೈಯೆಲ್ಲ ಉರಿಯಿತು. ಇವಳೇ ಕಟ್ಟಿದ ಚೀಲ ಈ ಕೊಂಬೆಗೆ ಕಡೆಯ ಭಾರ. ಇವಳ ಹಸುವೇ ಅಡಿಯಲ್ಲಿ. ಹಾಗೆಂದು ಮುಖಕ್ಕೇ ಹೇಳಿಬಿಡಬೇಕೆಂದು ಬಗ್ಗಿ ನೋಡಿದ. ಕೆಂಪಾಜಮ್ಮ ಕೈಮುಗಿದು ನಿಂತಿದ್ದಳು. ಪಕ್ಕದಲ್ಲಿ ಕರು ಅವಳ ಸೀರೆಯನ್ನು ಚೀಪುತ್ತಿತ್ತು. ಚೆಲುವರಾಜು ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ನೀಲಿ ಚೀಲವನ್ನು ಕೊಂಬೆಯಿಂದ ಬಿಚ್ಚಿ, ಮುಖ ಬೇರೆ ಕಡೆ ತಿರುಗಿಸಿ, ತನ್ನ ಸೊಂಟದ ಪಟ್ಟಿಗೆ ಕಟ್ಟಿಕೊಂಡ. ಅದು ತೊಡೆಗೆ ಮೆತ್ತಗೆ ಬಡಿಯುತ್ತಿತ್ತು.

ಹಗ್ಗ ಬಿಗಿದಾಯಿತು. ವನಿತಾ ಅದರ ತುದಿಯನ್ನು ಬುಡಕ್ಕೆ ಸುತ್ತಿ ಹಿಡಿದಳು. ಚೆಲುವರಾಜು ಮೆಷಿನ್ನು ಹಚ್ಚಿ ತುದಿಯ ರೆಂಬೆಗಳನ್ನು ತೆಗೆದು ಹಗುರ ಮಾಡಿದ. ಆಮೇಲೆ ಇಳಿದು ಹಸುವಿನ ಮೇಲಿನ ಕವಲಿಗೆ ಮೆಷಿನ್ನಿನ ಹಲ್ಲು ಕೊಟ್ಟ.

ಅರ್ಧ ಕುಯ್ದಿತ್ತು. ಮೆಷಿನ್ನು ಕಿರುಚಿ ನಿಂತುಹೋಯಿತು.

ತೊಗಟೆಯೊಳಗೆ ಹೂತಿದ್ದ ಹಳೆಯ ನೈಲಾನ್ ದಾರ ಚೈನಿಗೆ ಸುತ್ತಿಕೊಂಡು ಕರಗಿ ಅಂಟಿತ್ತು. ಬಿಡಿಸುತ್ತಾ ಕೂರಲು ಹೊತ್ತಿರಲಿಲ್ಲ. ರಂಗನಾಯಕ ಮರಳಿನ ಕಡೆಯಿಂದ ಕೂಗಿ, ನೀರು ಕೆಂಪಾಯಿತು, ತೆಪ್ಪ ತೇಲುತ್ತಿದೆ ಎಂದ. ಚೆಲುವರಾಜು ಕೈಗರಗಸ ತೆಗೆದುಕೊಂಡು, ಲೋಳೆಯಲ್ಲಿ ಮೊಣಕಾಲೂರಿ ಕುಯ್ಯತೊಡಗಿದ.

ಕವಲು ಟಪ್ಪೆಂದು ಬಿಟ್ಟಿತು. ಕೊಂಬೆಯ ಭಾರ ಪೂರ್ತಿ ಹಗ್ಗಕ್ಕೆ ಬಂತು.

ಹಗ್ಗ ಜಾರಿತು.

ಚೀಲಗಳ ಲೋಳೆ ಹಗ್ಗದ ಉದ್ದಕ್ಕೂ ಇಳಿದಿತ್ತು. ಬುಡಕ್ಕೆ ಎಷ್ಟು ಸುತ್ತು ಹಾಕಿದ್ದರೂ ನಿಲ್ಲುತ್ತಿರಲಿಲ್ಲ. ವನಿತಾ ಹಿಂದಕ್ಕೆ ಒರಗಿ, ಹಿಮ್ಮಡಿ ಮರಳಿಗೆ ಊರಿ ಹಿಡಿದಳು. ಆದರೂ ಕೊಂಬೆ ಬೆರಳಷ್ಟು, ಮತ್ತೆ ಬೆರಳಷ್ಟು ಕೆಳಗೆ ಬಂತು. ಚೆಲುವರಾಜು ಹಸುವಿನ ಪಕ್ಕದಲ್ಲೇ ಇದ್ದ. ಎದ್ದು ಬನ್ನಿ ಎಂದು ಅವಳು ಕೂಗಿದಳು. ಅವನು ಹಸುವಿನ ಕಾಲಿಗೆ ಸುತ್ತಿದ್ದ ಬಿಳಲು ಬಿಡಿಸುತ್ತಿದ್ದ.

"ಅವ್ವಾ, ಬೂದಿ! ಒಲೆ ಬೂದಿ ತತ್ತಾ!" ಎಂದಳು ವನಿತಾ.

ಕೆಂಪಾಜಮ್ಮ ಗುಡಿಸಲಿಗೆ ಓಡಿ, ಒಲೆಯ ಬೂದಿಯನ್ನು ಬಾಣಲೆಯಲ್ಲಿ ಬಾಚಿ ತಂದು ಹಗ್ಗದ ಸುತ್ತುಗಳ ಮೇಲೆ ಸುರಿದಳು. ಬೂದಿ ಹಾಕಿ ಮೀನು ಉಜ್ಜುವ ಹೊಳೆಬದಿಯ ಹೆಂಗಸಿಗೆ ಲೋಳೆ ಹಿಡಿಯುವುದನ್ನು ಕಲಿಸಬೇಕಾಗಿರಲಿಲ್ಲ. ಎರಡೂ ಅಂಗೈಯಿಂದ ಬೂದಿಯನ್ನು ಹಗ್ಗಕ್ಕೆ ತೀಡಿದಳು. ಹಗ್ಗ ಗರ್ರೆಂದಿತು, ಬಿಗಿಯಿತು, ನಿಂತಿತು.

ಚೆಲುವರಾಜು ಹಸುವಿನ ಬಾಲ ಹಿಡಿದು ಎತ್ತಿದ. ಅದು ಮುಂಗಾಲೂರಿತು, ಬಿತ್ತು, ಮತ್ತೆ ಊರಿತು. ಕೆಂಪಾಜಮ್ಮ ಕರುವನ್ನು ಮುಂದೆ ಹಿಡಿದು ಕರೆದಳು. ಕರುವಿನ ವಾಸನೆ ಸಿಕ್ಕಿದ್ದೇ ಹಸು ಮೈ ಕೊಡವಿ, ಚೆಲುವರಾಜುವಿನ ಎದೆಗೆ ಸೆಗಣಿ ಎರಚಿ ಹೊರಗೆ ನುಗ್ಗಿತು. ಅವನು ಅದರ ಹಿಂದೆಯೇ ಉರುಳಿ ಬಂದ. ವನಿತಾ ಹಗ್ಗ ಬಿಟ್ಟಳು. ಕೊಂಬೆ ನೆಲಕ್ಕೆ ಕೂತ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದವು.

ನೀರು ಸೌತೆಪಾತಿಗೆ ಬಂದಿತ್ತು. ಚೆಲುವರಾಜು ಅಷ್ಟರಲ್ಲೂ ಬಿದ್ದ ಕೊಂಬೆಯಿಂದ ತೋಳು ದಪ್ಪದ ಒಂದು ತುಂಡು ಕಡಿದುಕೊಂಡ. ಕೆಂಪಾಜಮ್ಮ, ವನಿತಾ, ಕರು ತೆಪ್ಪಕ್ಕೆ ಹತ್ತಿದರು. ಅವನು ಹತ್ತುವಾಗ ಎಲ್ಲರೂ ಆದಷ್ಟು ಆಚೆ ಸರಿದರು. ಹಸು ಹಗ್ಗದ ತುದಿಯಲ್ಲಿ ಮೂಗೆತ್ತಿಕೊಂಡು ಈಜಿತು. ನಡುಹೊಳೆಯಲ್ಲಿ ಸೆಳೆತ ತೆಪ್ಪವನ್ನು ತಿರುಗಿಸಿತು. ರಂಗನಾಯಕ ಹಲ್ಲು ಕಚ್ಚಿ ಹುಟ್ಟು ಹಾಕಿದ. ಚೆಲುವರಾಜು ಹಸುವಿನ ಕೊಂಬು ಹಿಡಿದು, ಅದರ ತಲೆ ಮುಳುಗದಂತೆ ತೆಪ್ಪದಂಚಿಗೆ ಒತ್ತಿಕೊಂಡ. ದಂಡೆಯ ಕೆಸರು ಕಾಲಿಗೆ ಸಿಕ್ಕ ಮೇಲೆಯೇ ಅವನು ಕೊಂಬು ಬಿಟ್ಟ.

ಹಿಂತಿರುಗಿ ನೋಡಿದರೆ ನೀರು ಆಲದ ಬುಡ ತಲುಪಿತ್ತು. ಅವನು ಎಸೆದ ಚೀಲಗಳು ಒಂದರ ಹಿಂದೊಂದು ತೇಲಿ ಕೆಳಗಿನ ಊರುಗಳ ಕಡೆಗೆ ಹೊರಟಿದ್ದವು. ಕುಡಿಯುವ ನೀರಿಗೆ. ಚೆಲುವರಾಜು ಮತ್ತೊಮ್ಮೆ ಉಗಿದ. ಈ ಸಲ ಅದರಲ್ಲಿ ತನಗೂ ಪಾಲಿತ್ತು.

ಕೆಂಪಾಜಮ್ಮ ಅವನ ಸೊಂಟದ ಚೀಲವನ್ನೇ ನೋಡುತ್ತಿದ್ದಳು. ಈ ದಂಡೆಯಲ್ಲಿ ಕಟ್ಟಲು ಆಲವೇ ಇಲ್ಲ. ರಸ್ತೆಗೆಂದು ಕಡಿದ ಹಳೆಯ ಬುಡವೊಂದಿತ್ತು, ಅಷ್ಟೆ. ಚೆಲುವರಾಜು ಅದರ ಪಕ್ಕದಲ್ಲಿ ಗುಂಡಿ ತೋಡಿದ. ಚೀಲ ಹರಿದು, ಮಾಸನ್ನು ಗುಂಡಿಗೆ ಸುರಿದು, ತಾನು ತಂದ ಆಲದ ತುಂಡನ್ನು ಅದರ ಮೇಲೆ ನೆಟ್ಟು ಮಣ್ಣು ತುಳಿದ. ಖಾಲಿ ಪ್ಲಾಸ್ಟಿಕ್ಕನ್ನು ಎರಡು ಬೆರಳಲ್ಲಿ ಹಿಡಿದು ತನ್ನ ಆಟೊದ ಮೂಲೆಗೆ ಹಾಕಿದ.

"ನಾಯಿ ಮುಟ್ಟಾಕಿಲ್ಲ. ಆಲಕ್ಕೇ ಕೊಟ್ಟಂಗೂ ಆಯ್ತು. ಇನ್ಮೇಲೆ ಇಂಗೇ ಮಾಡವ್ವ."

ಕೆಂಪಾಜಮ್ಮ ಆ ಬೋಳು ತುಂಡನ್ನು ಮುಟ್ಟಿ ನೋಡಿದಳು. "ಚಿಗುರ್ತದಾ?" ಎಂದು ಕೇಳಿದಳು. ಇಂಥ ಗೊಬ್ಬರಕ್ಕೆ ಚಿಗುರದೆ ಇನ್ನೇನು ಎಂದು ವನಿತಾ ನಕ್ಕಳು.

ಕರು ಹೊಟ್ಟೆ ತುಂಬ ಕುಡಿಯಿತು. ಉಳಿದ ಹಾಲನ್ನು ಕೆಂಪಾಜಮ್ಮ ರಂಗನಾಯಕನ ಮನೆಯ ಒಲೆಯ ಮೇಲಿಟ್ಟು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿದಳು. ಅಷ್ಟರಲ್ಲಿ ಚೆಲುವರಾಜು ಕೊಳಾಯಿಯ ಕೆಳಗೆ ಸೋಪು, ಸೀಗೆಪುಡಿ, ಕಡೆಗೆ ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿಕೊಂಡಿದ್ದ. ಕೈ ಮೂಸಿದರೆ ಅದೇ ನಾತ. ತಟ್ಟೆ ಮುಂದೆ ಬಂತು. ಕಂದು, ಮೆತ್ತನೆ, ನಡುಗುವ ಗಿಣ್ಣು. ಇವತ್ತಿನ ದಿನ ಅದು ಅವನಿಗೆ ಬೇರೇನನ್ನೋ ನೆನಪಿಸಿತು. ಬೇಡ ಎನ್ನಲು ಬಾಯಿ ತೆರೆದ. ಬಾಗಿಲಲ್ಲಿ ಕೆಂಪಾಜಮ್ಮ ಕಾಯುತ್ತಿದ್ದಳು.

ಹಗ್ಗ ಉಜ್ಜಿ ಸುಲಿದಿದ್ದ ಅಂಗೈಯಲ್ಲಿ ವನಿತಾ ಒಂದು ತುಂಡು ಮುರಿದು ಅವನ ಬಾಯಿಗಿಟ್ಟಳು.

"ಉಸಿರು ಬಿಗಿ ಹಿಡೀರಿ," ಎಂದಳು.

ಚೆಲುವರಾಜು ಕಣ್ಣು ಮುಚ್ಚಿ ಅಗಿದ. ನುಂಗಿದ. ಕೊಟ್ಟಿಗೆಯಲ್ಲಿ ಹಸು ಕರುವನ್ನು ನೆಕ್ಕುವ ಸದ್ದು ಕೇಳುತ್ತಿತ್ತು. ಅವನು ಇನ್ನೊಂದು ತುಂಡಿಗೆ ಬಾಯಿ ತೆರೆದ.